ಬಾಗಿಲಿಲ್ಲದ ಬಸವ

ಫೆಬ್ರುವರಿ ಮೂವತ್ತು, ಇಸವಿ ಎರಡು ಸಾವಿರದ ಇನ್ನೂರ ಮೂವತ್ತೊಂದು
ಮೇಲಿನ ಹೊಸಳ್ಳಿ, ಬ್ಯಾಡಗಿ ಸೀಮೆ

ಹುಬ್ಬಳ್ಳಿಯಲ್ಲಿ ಇನ್ನೂ ಮದುವೆಯಾಗದೆ ಇರುವ ನಮ್ಮ ದಾನೇಶ್ವರಿ ಅಜ್ಜಿಗೆ ಫಕೀರಪ್ಪನ ಶರಣು.

ತಾರೀಖು ನೋಡಿ ಯಾವನೋ ಕುಡಿದು ಬರೆದಿದ್ದಾನೆ ಅಂದುಕೊಳ್ಳಬೇಡ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ ಉಂಟು. ಆ ಬಡಪಾಯಿ ತಿಂಗಳು ಎಷ್ಟು ಕಾಲ ಕೊರಗಬೇಕು ಎಂದು ದೊಡ್ಡವರು ಕೂತು ಸರಿಮಾಡಿದ್ದಾರೆ. ನನ್ನ ಅಜ್ಜಿಯ ಅಜ್ಜಿಗೆ ನೀನು ಅಜ್ಜಿ. ಆದರೆ ಈ ಓಲೆ ನಿನ್ನ ಕೈ ಸೇರುವ ಹೊತ್ತಿಗೆ ನಿನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ನನಗೆ ಅರವತ್ತು ದಾಟಿದೆ. ವಯಸ್ಸಿನಲ್ಲಿ ನಾನು ದೊಡ್ಡವನು, ವಾವೆಯಲ್ಲಿ ನೀನು ದೊಡ್ಡವಳು. ಆದ್ದರಿಂದ ನಮಸ್ಕಾರ ನಾನು ಮಾಡುತ್ತೇನೆ, ಬುದ್ಧಿಮಾತನ್ನೂ ನಾನೇ ಹೇಳುತ್ತೇನೆ. ಹುಡುಗಿ ವಯಸ್ಸಿನಲ್ಲೇ ಅಜ್ಜಿ ಎಂದು ಕರೆದದ್ದಕ್ಕೆ ಸಿಟ್ಟಾಗಬೇಡ. ನನ್ನ ಮಾತಿನಲ್ಲಿ ನಿನಗೆ ತಿಳಿಯದ ಶಬ್ದ ಬಂದರೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಓದಿದ್ದು ನಮ್ಮೂರ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ, ಆದರೆ ಬಿಡಿಸಿ ಹೇಳುವುದರಲ್ಲಿ ಮಾಸ್ತರರಿಗಿಂತ ನಾನೇ ಮೇಲು ಎಂದು ಊರೆಲ್ಲ ಅನ್ನುತ್ತದೆ. ಊರು ಅನ್ನದಿದ್ದರೂ ನಾನು ಅನ್ನುತ್ತೇನೆ.

ಈಗ ನಿನ್ನ ಮೇಜಿನ ಮೇಲೆ ಒಂದು ಡಬ್ಬವಿದೆ. ಅದರಲ್ಲಿ ಶುಭಾಶಯದ ಕಾರ್ಡು ಮಾಡುವ ನಿನ್ನ ಸಾಮಾನೆಲ್ಲ ಇದೆ. ಹೂವಿನ ಮುದ್ರೆ, ದೀಪದ ಮುದ್ರೆ, ಕಾಗದವನ್ನು ಆಕಾರಕ್ಕೆ ಕತ್ತರಿಸುವ ಉಕ್ಕಿನ ಅಚ್ಚುಗಳು, ಬಣ್ಣ ತೀಡುವ ತೂತುಹಾಳೆಗಳು. ಆ ಡಬ್ಬ ಈಗ ನನ್ನ ಮುಂದಿದೆ. ರಬ್ಬರಿನ ಮುದ್ರೆಗಳು ಯಾವತ್ತೋ ಪುಡಿಯಾಗಿ ಹೋದವು, ಅವುಗಳ ನಕಲನ್ನು ನಮ್ಮ ಹಿರಿಯರು ಹಾಲೆಮರದಲ್ಲಿ ಕೆತ್ತಿಸಿಟ್ಟರು. ತೂತುಹಾಳೆಗಳು ಮಾತ್ರ ಇವತ್ತಿಗೂ ಹೊಸದರ ಹಾಗಿವೆ. ನಿಮ್ಮ ಕಾಲದ ಪ್ಲಾಸ್ಟಿಕ್ಕನ್ನು ಬೈಯದವರು ನಮ್ಮಲ್ಲಿ ಯಾರೂ ಇಲ್ಲ. ನಾನೊಬ್ಬ ಬೈಯುವುದಿಲ್ಲ.

ನೀನು ಹವ್ಯಾಸಕ್ಕೆಂದು ಮಾಡುತ್ತಿರುವ ಕೆಲಸ ನಮ್ಮಲ್ಲಿ ಎಷ್ಟು ದೊಡ್ಡದಾಗಿ ಬೆಳೆದಿದೆ ಗೊತ್ತೇ? ಇಲ್ಲಿ ಮನೆಮನೆಗೂ ಮಾತುಗೋಡೆ ಇದೆ. ಅದು ಮಾತಾಡುವ ಗೋಡೆ. ಹುಟ್ಟುಹಬ್ಬಕ್ಕೆ, ಯುಗಾದಿಗೆ, ಕೂಸಿಗೆ ಹಲ್ಲು ಬಂದರೆ, ಎಮ್ಮೆ ಕರು ಹಾಕಿದರೆ, ಬಂಧುಬಳಗದ ಹೆಸರಿನಲ್ಲಿ ತಾನೇ ಶುಭ ಕೋರಿಬಿಡುತ್ತದೆ. ಬಂಧುಬಳಗಕ್ಕೆ ಅದರ ಸುದ್ದಿಯೇ ಇರುವುದಿಲ್ಲ. ಒಮ್ಮೆ ನಮ್ಮ ನೆರೆಯವನಿಗೆ, ಅವನು ಸತ್ತು ಹನ್ನೆರಡನೆಯ ದಿನಕ್ಕೆ, ನನ್ನ ಹೆಸರಿನಲ್ಲಿ ದೀರ್ಘಾಯುಷ್ಯ ಹಾರೈಸಿತು. ಆದ್ದರಿಂದ ಗೋಡೆಯ ಮಾತಿಗೆ ಯಾರೂ ತಲೆ ಎತ್ತುವುದಿಲ್ಲ. ಕೈಯಿಂದ ಕತ್ತರಿಸಿ, ಕೈಯಿಂದ ಒತ್ತಿ, ಕಾಲಿನಿಂದ ನಡೆದು ಒಯ್ದು ಕೊಟ್ಟ ಓಲೆಗೆ ಮಾತ್ರ ಬೆಲೆ. ಅದನ್ನು ಕರೆಯೋಲೆ ಅನ್ನುತ್ತೇವೆ. ಮದುವೆಯ ಕರೆಯೋಲೆಯನ್ನು ಹುಡುಗಿಯ ಸೋದರಮಾವನೇ ಮಾಡಬೇಕು, ಮನೆತನದ ಅಚ್ಚಿನಲ್ಲಿ. ಹುಡುಗನ ಮನೆಯ ಹಿರಿಯರು ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದರೆ ಮದುವೆ ಆದ ಹಾಗೆ. ತಟ್ಟೆಯಲ್ಲಿ ಬೋರಲು ಹಾಕಿದರೆ ಮುರಿದ ಹಾಗೆ.

ಇನ್ನು ಈ ಸೀಮೆಯಲ್ಲಿ ನನ್ನಂತೆ ಕರೆಯೋಲೆ ಮಾಡುವವನು ಯಾರೂ ಇಲ್ಲ. ಕಾಗದ ಗೋವಿನಜೋಳದ ದಂಟಿನದು, ನಾನೇ ಕುದಿಸಿ, ಬಡಿದು, ಗೋಡೆಗೆ ಹಚ್ಚಿ ಒಣಗಿಸಿದ್ದು. ಕೆಂಪು ನಮ್ಮ ಬ್ಯಾಡಗಿ ಮೆಣಸಿನಕಾಯಿ ಸಿಪ್ಪೆಯದು. ಒತ್ತುವಾಗ ಸೀನು ಬಂದರೆ ಓಲೆ ಕೆಟ್ಟಿತೆಂದೇ ಲೆಕ್ಕ, ಆದ್ದರಿಂದ ಸೀನು ತಡೆಯುವುದನ್ನೇ ಮೊದಲು ಕಲಿಯಬೇಕು. ಕಾಗದದ ಮೇಲೆ ಅಚ್ಚಿಟ್ಟು, ಎರಡು ಹಲಗೆಯ ನಡುವೆ ಸೇರಿಸಿ, ಕಬ್ಬಿನ ಗಾಣದಂತೆ ಎರಡು ಉರುಳೆಗಳ ನಡುವೆ ತಿರುಗಿಸಿದರೆ ಆಕಾರ ಬಿಟ್ಟುಕೊಂಡು ಬರುತ್ತದೆ. ಅಂಚಿಗೆ ಸಾಲು ಹೂವು ಬೇಕಾದರೆ ನಾನು ಇವತ್ತಿಗೂ ಸಾಲೆಯಲ್ಲಿ ಕಲಿತದ್ದನ್ನೇ ಮಾಡುತ್ತೇನೆ. ಬೆಂಡೆಕಾಯಿ ಅಡ್ಡ ಕೊಯ್ದು, ಬಣ್ಣದಲ್ಲಿ ಅದ್ದಿ, ಒತ್ತುವುದು. ದೊಡ್ಡ ದೊಡ್ಡ ಕುಶಲಿಗರು ಬಂದು, ಈ ಹೂವಿನ ಮುದ್ರೆ ಎಲ್ಲಿ ಮಾಡಿಸಿದಿರಿ ಎಂದು ಕೇಳುತ್ತಾರೆ. ಅದನ್ನು ಮಧ್ಯಾಹ್ನ ಪಲ್ಯ ಮಾಡಿ ಅವರಿಗೇ ಬಡಿಸುತ್ತೇನೆ, ಗುಟ್ಟು ಮಾತ್ರ ಹೇಳುವುದಿಲ್ಲ.

ನಿನ್ನ ಡಬ್ಬದಿಂದ ಬಂದ ಉಕ್ಕಿನ ಅಚ್ಚುಗಳಲ್ಲಿ ನಮಗೆ ಎಲ್ಲಕ್ಕಿಂತ ಪೂಜ್ಯವಾದದ್ದು ಒಂದಿದೆ. ಅದನ್ನು ನಾವು ಕೂತ ಬಸವ ಅನ್ನುತ್ತೇವೆ. ಮೇಲೆ ದುಂಡಗೆ ಹಿಣಿಲು, ಮುಂದೆ ಒಂದು ದೊಡ್ಡ ಕಣ್ಣು, ಕೆಳಗೆ ಮಡಚಿದ ಮೊಣಕಾಲುಗಳು. ಆರು ತಲೆಮಾರಿನಿಂದ ನಮ್ಮ ಮನೆತನದ ಒಂದು ಮದುವೆಯೂ ಕೂತ ಬಸವನಿಲ್ಲದೆ ಆಗಿಲ್ಲ. ಅಚ್ಚಿಗೆ ಕುಂಕುಮ ಹಚ್ಚಿ, ಬಾಳೆಹಣ್ಣು ಇಟ್ಟು, ಆಮೇಲೆ ಕಾಗದ ಕತ್ತರಿಸುತ್ತೇವೆ.

ಈಗ ನಡೆದ ಸಂಗತಿ ಕೇಳು. ನನ್ನ ತಂಗಿ ಗಂಗವ್ವನ ಮಗಳು ನೀಲವ್ವ. ಜೋಲಿದಾರಿಯ ತಂತಿ ಬಿಗಿಯುವ ಕೆಲಸ ಅವಳದು. ಊರಿಂದ ಊರಿಗೆ ತಂತಿ ಕಟ್ಟಿ, ಅದಕ್ಕೆ ತೊಟ್ಟಿಲು ತೂಗುಹಾಕಿ ನಾವು ಓಡಾಡುತ್ತೇವೆ. ಗಾಲಿಯ ಮೇಲೆ ಓಡುವ ವಾಹನವನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ತಂತಿ ಬಿಗಿಯುತ್ತ ಹಾವೇರಿ ಪೇಟೆಯವರೆಗೆ ಹೋದವಳು ಅಲ್ಲಿ ಒಬ್ಬ ಹುಡುಗನನ್ನು ಮೆಚ್ಚಿಕೊಂಡಳು. ಅವನನ್ನು ಬಿಟ್ಟು ಬೇರೆಯವನು ಬೇಡವೆಂದಳು. ಸರಿ, ಹೊಲದ ಕೆಲಸ ಬಿಟ್ಟು ನಾನು ಕರೆಯೋಲೆ ಮಾಡಿದೆ. ನನ್ನ ಬಾಳಿನಲ್ಲೇ ಅಂಥದ್ದು ಮಾಡಿರಲಿಲ್ಲ. ಮುಂದೆ ಕೂತ ಬಸವ, ಸುತ್ತ ಬೆಂಡೆಕಾಯಿ ಹೂವು, ಹಿಂದೆ ನಿನ್ನ ತೂತುಹಾಳೆಯಲ್ಲಿ ತೀಡಿದ ಮೋಡ.

ಗಂಗವ್ವ, ನೀಲವ್ವ, ನಾನು ಹುಡುಗನ ಮನೆಗೆ ಹೊರಟೆವು. ಜೋಲಿ ಹತ್ತುವಾಗ ನೀಲವ್ವ ನನ್ನ ಕಿವಿಯಲ್ಲಿ ಹೇಳಿದಳು: "ಮಾವಾ, ನಿನ್ನ ಕೈಗೆ ಒಂದು ಸಾವಿರ ಶರಣು. ಬಾಯಿ ಮಾತ್ರ ಒಂದೀಟು ಕಟ್ಟಿಕೊಂಡ್ ಬಾ."

ಹುಡುಗನ ಮನೆಯ ಹಿರಿಯಳು ಅವನ ಅಜ್ಜಿ ಹಾಲವ್ವ. ಬಡಕಲು ಮೈ, ಬೆಂಕಿಯಂಥ ಕಣ್ಣು. ಕರೆಯೋಲೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಇದೇನಪಾ ಇದು?"

"ಕೂತ ಬಸವ ರೀ ಯವ್ವಾ. ನಮ್ಮ ಮನಿತನದ ಅಚ್ಚು."

"ಬಸವಗ ಕೋಡು ಎಲ್ಲಿ ಅದಾವ?"

"ಕರು ಇದ್ದಾಗಿನ ಬಸವ ರೀ."

"ಬಾಲ?"

"ಮಡಚಿಕೊಂಡು ಕುಂತಾನ್ರೀ."

ನೀಲವ್ವ ಬಾಗಿಲ ಹತ್ತಿರ ನಿಂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಹಾಲವ್ವ ಕರೆಯೋಲೆಯನ್ನು ತಟ್ಟೆಯ ಅಂಚಿಗೆ ತಂದಳು.

"ತಮ್ಮಾ, ಇದು ಆಟೋ. ಹಳೇ ಕಾಲದ ಸಾಮಾನು ಇಡೂ ನಮ್ಮ ಪ್ಯಾಟಿ ವಸ್ತುಮನ್ಯಾಗ ಒಂದು ನಿಂತದ, ಬಾ ತೋರಸ್ತೀನಿ. ಇವು ಮೊಣಕಾಲಲ್ಲ, ಗಾಲಿ. ಮುಂಜಾನೆದ್ದು ಹಾಡು ಹಚ್ಚಿಕೊಂಡು ಓಣಿ ಓಣಿ ಕಸಾ ಒಯ್ತಿತ್ತಂತ. ನನ್ನ ಮೊಮ್ಮಗನ ಮದುವಿಗೆ ಕಸದ ಗಾಡಿ ತಂದೀ ಏನು?"

ಅಜ್ಜಿ, ಆರು ತಲೆಮಾರಿನ ಬಾಳೆಹಣ್ಣು ನನ್ನ ಕಣ್ಣ ಮುಂದೆ ಹಾದುಹೋದವು. ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹಾಲವ್ವನ ಕೈಯಲ್ಲಿ ಕರೆಯೋಲೆ ಬೋರಲಾಗಲು ಬೆರಳಿನಷ್ಟು ಬಾಕಿ ಇತ್ತು.

ಇಲ್ಲಿ ನನ್ನ ಜಾಣತನ ನೋಡು. ಮೀಸೆ ಮೂಡಿದಾಗಿನಿಂದ ಆ ಅಚ್ಚಿನ ಜೊತೆ ಬಾಳುವೆ ಮಾಡಿದವನು ನಾನು. ಅದರ ಹೊಟ್ಟೆಯಲ್ಲಿ ಒಂದು ದೊಡ್ಡ ತೆರಪು ಇದೆ. ತೆರಪಿನ ಪಕ್ಕದಲ್ಲಿ ಹಿಣಿಲನ್ನು ಹಿಡಿದುಕೊಂಡ ಸಣ್ಣ ಕಂಬಿಯಂಥ ಕಾಗದ ಉಳಿಯುತ್ತದೆ. ಪ್ರತಿ ಸಲ ಹರಿಯುವುದು ಅಲ್ಲೇ. ಎಷ್ಟು ಸಲ ಬೈದಿದ್ದೇನೆ, ಎಷ್ಟು ಸಲ ಮೈದಾ ಅಂಟು ಹಚ್ಚಿದ್ದೇನೆ! ತೆರಪು ಬಸವನಿಗೆ ಯಾಕೆ ಎಂದು ಆವತ್ತಿನವರೆಗೆ ಕೇಳಿಕೊಂಡಿರಲಿಲ್ಲ. ಗಾಡಿ ಎಂದು ತಿಳಿದ ಗಳಿಗೆಯಲ್ಲಿ ಆ ತೆರಪು ನನ್ನ ಜೊತೆ ಮಾತಾಡಿತು. ಅದರೊಳಗೆ ಒಂದು ಆಸನದ ಗೆರೆಯೂ ಇತ್ತು.

"ಯವ್ವಾ, ಕಸಾ ಒಯ್ಯೂ ಗಾಡಿಗೆ ಹೊಟ್ಟ್ಯಾಗ ಕುಂದರೂ ಜಾಗ ಯಾಕ್ರೀ? ಇಲ್ಲಿ ನೋಡ್ರಿ. ಇದು ಮಂದಿ ಕುಂದರೂ ಆಟೋ. ಇದಕ್ಕ ಬಾಗಲಾ ಇಲ್ಲ. ಈ ಅಚ್ಚು ತಂದ ನಮ್ಮ ದಾನೇಶ್ವರಿ ಅಜ್ಜಿ ಮದಲಗಿತ್ತಿ ಆಗಿ ಗಂಡನ ಮನಿಗೆ ಬಂದಿದ್ದು ಇದರಾಗನ."

"ಆ ಕಾಲಕ್ಕ ಕಾರು ಇದ್ವು. ಅದೂ ವಸ್ತುಮನ್ಯಾಗ ಅದ. ಕಾರು ಬಿಟ್ಟು ಇದರಾಗ ಯಾಕ ಬಂದಾಳು?"

"ಹೂವು ಮುಚ್ಚಿದ ಕಾರು ಮಂಟಪದ ಮುಂದ ನಿಂತಿತ್ತ್ರೀ. ಅಜ್ಜಿ ಒಲ್ಲೆ ಅಂದಳು. ಕಾರಿಗೆ ಬಾಗಲಾ ಅದಾವ, ಗಾಜು ಅದಾವ, ನಾನೇನು ಕದ್ದು ಹೊಂಟೀನೇನು? ಓಣಿ ಮಂದಿ ಹೊಸಾ ಸೊಸಿ ಮಾರಿ ನೋಡಲಿ, ನಾನೂ ಓಣಿ ನೋಡ್ಕೋತ ಹೋಗ್ತೀನಿ ಅಂದಳು."

ಹಾಲವ್ವ ಕರೆಯೋಲೆಯ ತೆರಪಿಗೆ ಕಣ್ಣಿಟ್ಟು ಆಚೆ ಏನೋ ಕಾಣುತ್ತದೆ ಎನ್ನುವಂತೆ ನೋಡಿದಳು.

"ನನ್ನ ಮುಚ್ಚಿದ ಜೋಲ್ಯಾಗ ತಂದ್ರು," ಅಂದಳು. "ಈ ಊರು ಹ್ಯಾಂಗ ಅದ ಅಂತ ನಾ ನೋಡಿದ್ದು ವಾರ ಆದಮ್ಯಾಲ."

ಅರಿಶಿನದ ಬಟ್ಟಲು ಎಳೆದುಕೊಂಡಳು. ಒಂದು ಮೂಲೆಗೆ ಹಚ್ಚಿದಳು. ಎರಡನೆಯದಕ್ಕೆ ಹಚ್ಚಿದಳು. ಮೂರನೆಯದಕ್ಕೂ ಹಚ್ಚಿ, ಸೆರಗಿಗೆ ಬೆರಳು ಒರೆಸಿಕೊಂಡಳು.

"ನಾಕನೇದ್ದು ರೀ?" ಅಂದೆ.

"ಫೋಟೋ ನೋಡಿದ ಮ್ಯಾಲ. ಆ ಕಾಲದ ಫೋಟೋ ಎಲ್ಲಾ ವಸ್ತುಮನ್ಯಾಗ ಕೂಡಿಟ್ಟಾರ. ಹೆಸರು ಹೇಳಿದ್ರ ಹುಡುಕಿ ಕೊಡ್ತಾರ, ಹೋಳಿ ಹುಣ್ಣಿವಿಗೆ ಬರ್ತದ. ನಿನ್ನ ಬಾಯಿ ಬಾಳ ಚಲೋ ಐತಿ ಫಕೀರಪ್ಪ, ಅದಕ್ಕ ನನಗ ನಂಬಿಗಿ ಇಲ್ಲ."

ತಿರುಗಿ ಬರುವಾಗ ಜೋಲಿಯಲ್ಲಿ ಗಂಗವ್ವ ಮೆಲ್ಲಗೆ ಕೇಳಿದಳು: "ಅಣ್ಣಾ, ಖರೇನ ಅಜ್ಜಿ ಹಂಗಂದಿದ್ಲೇನು?"

"ಇನ್ನ ಅನ್ನಬೇಕವ್ವಾ," ಅಂದೆ.

ತಂಗಿ ಹಣೆ ಹಣೆ ಬಡಿದುಕೊಂಡಳು. ನೀಲವ್ವ ಮಾತ್ರ ಕಣ್ಣೊರೆಸಿಕೊಂಡು ಕೇಳಿದಳು: "ಮಾವಾ, ನಿನ್ನ ಹಿಂದಂಚಿ ಓಲೆ ಇನ್ನೂ ಉಳದೈತಲ್ಲ?"

ನನ್ನ ಸೋದರಸೊಸೆ ಅಂದರೆ ಸುಮ್ಮನೆಯೇ? ಜಾಣತನ ಅವಳಿಗೆ ಮಾವನ ಕಡೆಯಿಂದ ಬಂದದ್ದು.

ಹಿಂದಂಚೆ ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಬಾಳಿನಲ್ಲಿ ಒಂದೇ ಓಲೆ. ಹೆಚ್ಚಿನವರು ಅಜ್ಜಂದಿರಿಗೆ ಬರೆದು ಬಂಗಾರ ಎಲ್ಲಿ ಹೂತಿಟ್ಟಿರಿ ಎಂದು ಕೇಳಿ ಅದನ್ನು ಹಾಳುಮಾಡಿಕೊಳ್ಳುತ್ತಾರೆ. ಇವನು ಕತ್ತೆ ಕಾಯಲಿಕ್ಕೂ ಬಾರದವನು ಎಂದಿದ್ದ ನಮ್ಮ ನಾಲ್ಕನೇ ಇಯತ್ತೆಯ ಮಾಸ್ತರರಿಗೆ ನನ್ನ ಕರೆಯೋಲೆ ಒಂದನ್ನು ಕಳಿಸಬೇಕೆಂದು ನಾನು ಇಷ್ಟು ವರ್ಷ ಕಾದಿಟ್ಟಿದ್ದೆ. ಅವರ ಮುಖ ಹೇಗಾಗುತ್ತಿತ್ತು ಎಂದು ನೆನೆಸಿಕೊಂಡೇ ಎಷ್ಟೋ ಊಟ ಜೀರ್ಣ ಮಾಡಿದ್ದೇನೆ. ಹೋಗಲಿ, ಮಾಸ್ತರರು ಬದುಕಿಕೊಂಡರು. ಓಲೆ ನಿನಗೆ ಬಂದಿದೆ.

ಆದ್ದರಿಂದ ಅಜ್ಜಿ, ನಾನು ಆಡಿದ ಮಾತನ್ನು ನೀನು ನಡೆಸಿಕೊಡಬೇಕು. ನಿನ್ನ ಗಂಡ ಯಾರು ಎಂದು ನಾನು ಹೇಳುವುದಿಲ್ಲ. ಹೆಸರು ಕೇಳಿ ನೀನು ಮೂಗು ಮುರಿದರೆ ನಾನು ಹುಟ್ಟದೇ ಹೋದೇನು. ಮದುವೆಯಾದ ದಿನ ಮಂಟಪದ ಮುಂದೆ ಹೂವು ಹಚ್ಚಿದ ಕಾರು ನಿಂತಿರುತ್ತದೆ. ನಿಂತಿರಲಿ. ನೀನು ರೇಷ್ಮೆ ಸೀರೆಯಲ್ಲೇ ರಸ್ತೆಗೆ ಬಂದು ಒಂದು ಆಟೋಕ್ಕೆ ಕೈ ಮಾಡು. ಕಸದ್ದಲ್ಲ, ಮಂದಿ ಕೂರುವುದು. ಬೀಗರು ಗೊಣಗುತ್ತಾರೆ, ಗೊಣಗದ ಬೀಗರು ಯಾವ ಕಾಲದಲ್ಲಿದ್ದಾರೆ? ಯಾಕೆ ಎಂದು ಕೇಳಿದರೆ ಬಾಗಿಲಿನ ಮಾತು ಹೇಳು. ನಾನು ಹೇಳಿದ ಹಾಗೆಯೇ ಹೇಳು, ಅದಕ್ಕಿಂತ ಚೆನ್ನಾಗಿ ಹೇಳಲು ನಿನ್ನಿಂದ ಆಗಲಿಕ್ಕಿಲ್ಲ. ಯಾರಾದರೂ ಒಂದು ಫೋಟೋ ತೆಗೆಯುವಂತೆ ನೋಡಿಕೋ. ಆಮೇಲೆ ಎಂದಾದರೂ ಒಂದು ದಿನ, ಅಂಗಡಿಯಲ್ಲಿ ಹೂವಿನ ಅಚ್ಚುಗಳ ನಡುವೆ ಆಟೋದ ಅಚ್ಚು ಕಂಡರೆ, ಇದು ಯಾವ ಶುಭಾಶಯಕ್ಕೆ ಬಂದೀತು ಎಂದು ಅನುಮಾನಿಸದೆ ತೆಗೆದುಕೋ. ಈಗಾಗಲೇ ಡಬ್ಬದಲ್ಲಿದ್ದರೆ ಎಸೆಯಬೇಡ. ಯಾವ ಶುಭಕ್ಕೆ ಬಂತು ಎಂದು ತೋರಿಸಲು ಒಂದು ಕರೆಯೋಲೆ ಇದರ ಜೊತೆ ಇಟ್ಟಿದ್ದೇನೆ. ಸಣ್ಣ ಕಂಬಿ ಈ ಸಲ ಹರಿದಿಲ್ಲ, ಬೆರಳಿಟ್ಟು ನೋಡು. ಹಾಗೆ ಕತ್ತರಿಸುವವನು ನಿನ್ನ ವಂಶದಲ್ಲಿ ಹುಟ್ಟುತ್ತಾನೆ ಎಂದು ಗೆಳತಿಯರಿಗೆ ಹೇಳಿಕೋ, ನನ್ನದೇನೂ ಅಡ್ಡಿಯಿಲ್ಲ.

ಹೋಳಿ ಹುಣ್ಣಿಮೆಗೆ ಹಾಲವ್ವ ಅರಿಶಿನದ ಬಟ್ಟಲು ಹಿಡಿದು ವಸ್ತುಮನೆಗೆ ಬರುತ್ತಾಳೆ. ಗಂಗವ್ವ ಬರುತ್ತಾಳೆ, ನೀಲವ್ವ ಬರುತ್ತಾಳೆ, ಹೊಸ ರುಮಾಲು ಸುತ್ತಿಕೊಂಡು ನಾನು ಎಲ್ಲರಿಗಿಂತ ಮುಂದೆ ನಿಂತಿರುತ್ತೇನೆ. ನಿನ್ನ ಡಬ್ಬ ಉಳಿಯಿತು, ನಿನ್ನ ಮುಖ ಮಾತ್ರ ನಾವು ಯಾರೂ ನೋಡಿಲ್ಲ. ಆದ್ದರಿಂದ ಓಣಿಯ ತಿರುವಿನಲ್ಲಿ ಫೋಟೋ ತೆಗೆಯುವವನು ಕಂಡಾಗ, ಬಾಗಿಲಿಲ್ಲದ ಕಡೆಯಿಂದ ಮುಖ ಹೊರಗೆ ಹಾಕಿ ಒಂದು ಸಲ ನಕ್ಕುಬಿಡು. ಆ ಕಡೆ ನಾವೆಲ್ಲ ನಿಂತಿರುತ್ತೇವೆ.

ನಿನ್ನ ವಂಶದ ಕೈಗುಣವಂತ,
ಫಕೀರಪ್ಪ