ನಮ್ಮ ಮಾವನ ರಾಜೀನಾಮೆ ವಾಪಸ್ ಕೊಡಿ

ಸರ್ಕಾರಿ ಟಿವಿ ವಾಹಿನಿಯ ಕಾರ್ಯಕ್ರಮಾಧಿಕಾರಿಗಳೇ, ಕತ್ತರಿಯ ಒಡೆಯರೇ, ಮಾನ್ಯರೇ,

ಕಳೆದ ಭಾನುವಾರ ಮಧ್ಯಾಹ್ನ ತಾವು ಹಳೆಯ ಕಪ್ಪು-ಬಿಳುಪು ಚಿತ್ರವೊಂದನ್ನು ತೋರಿಸಿದಿರಿ. ಅದರ ಕೊನೆಯಲ್ಲಿ ಮಂತ್ರಿಯೊಬ್ಬ ತಪ್ಪೊಪ್ಪಿಕೊಂಡು ರಾಜೀನಾಮೆ ಕೊಡುವ ದೃಶ್ಯವಿತ್ತು. ಲೋಟದ ಕಾಫಿ ಆರುವಷ್ಟು ಹೊತ್ತಿನದು. ಅದನ್ನು ಕತ್ತರಿಸಿಬಿಟ್ಟಿರಿ. ಆ ಮಂತ್ರಿ ನನ್ನ ಮಾವ. ಹೆಂಡತಿಯ ತಂದೆ, ವೃತ್ತಿಯಿಂದ ಖಳನಟ. ಜೀವಮಾನವಿಡೀ ಪರದೆಯ ಮೇಲೆ ಕೆಟ್ಟವರಾಗಿದ್ದವರು ಒಳ್ಳೆಯವರಾದದ್ದು ಆ ಒಂದೇ ದೃಶ್ಯದಲ್ಲಿ. ಅದರ ಮೇಲೂ ತಮ್ಮ ಕಣ್ಣು ಬಿತ್ತು.

ನಾನು ಸಿಟ್ಟಿನಿಂದ ಬರೆಯುತ್ತಿಲ್ಲ. ಸಿಟ್ಟಿಗೆ ಬೇಕಾದ ಕಸುವು ಹಿಂದಿನ ಸರ್ಕಾರಗಳ ಕಾಲದಲ್ಲೇ ಖರ್ಚಾಗಿ ಹೋಯಿತು. ಸುಸ್ತಿನಿಂದ ಬರೆಯುತ್ತಿದ್ದೇನೆ.

ಆ ಕಾಲದ ಚಿತ್ರಗಳಲ್ಲಿ ಒಂದು ಮರ್ಯಾದೆಯಿತ್ತು. ದುಷ್ಟ ಬಾಗಿಲಿಗೆ ಬರುವ ಮುಂಚೆಯೇ ಪಿಟೀಲು ಕಿರುಚಿ ಎಚ್ಚರಿಸುತ್ತಿತ್ತು. ಈಗ ಅವನು ಬಂದರೆ ಬ್ಯಾಂಡು ಬಾರಿಸುತ್ತಾರೆ. ಪ್ರೇಕ್ಷಕ ಪಾಪ, ಏನಂತ ತಿಳಿಯಬೇಕು? ಮಾವನನ್ನು ಕಂಡರೆ ಮಾರುಕಟ್ಟೆಯ ತರಕಾರಿಯಾಕೆ ಕೊಳೆತ ಟೊಮೆಟೊ ಹುಡುಕಿ ಹುಡುಕಿ ಚೀಲಕ್ಕೆ ಹಾಕುತ್ತಿದ್ದಳಂತೆ. ಈ ಚಿತ್ರ ಬಂದ ವಾರ ಮಾತ್ರ ಗಟ್ಟಿಯವನ್ನೇ ಆರಿಸಿ ಕೊಟ್ಟು, "ಅಂತೂ ಬುದ್ಧಿ ಬಂತಲ್ಲಪ್ಪಾ ನಿಂಗೆ" ಅಂದಳಂತೆ. ಯಾವ ಪ್ರಶಸ್ತಿಯನ್ನೂ ಮಾವ ಇಷ್ಟು ಸಲ ಹೇಳಿಕೊಂಡದ್ದಿಲ್ಲ.

ಆ ದೃಶ್ಯವನ್ನು ಅವರು ಕಲ್ಪಿಸಿಕೊಂಡು ಮಾಡಿದ್ದಲ್ಲ. ಅವರ ಹರೆಯದಲ್ಲಿ ಇದೇ ಊರಲ್ಲಿ ಸೇತುವೆಯೊಂದು ಕುಸಿದು, ಆ ಖಾತೆಯ ಮಂತ್ರಿ ಆ ಸಂಜೆಯೇ ಅಧಿಕಾರ ಬಿಟ್ಟರು. ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ನಿಂತು ಮಾವ ಕಣ್ಣಾರೆ ಕಂಡರು: ಮೆಟ್ಟಿಲಿಳಿದು ಬಂದ ಮನುಷ್ಯ ಅಭ್ಯಾಸಬಲದಿಂದ ಸರ್ಕಾರಿ ಕಾರಿನ ಬಾಗಿಲ ಹಿಡಿಗೆ ಕೈ ಹಾಕಿದರು. ಥಟ್ಟನೆ ನೆನಪಾಯಿತು. ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಹಿಂದೆಗೆದು, ಡ್ರೈವರಿಗೆ ನಮಸ್ಕರಿಸಿ, ಬಸ್ಸಿನ ಸರದಿಯಲ್ಲಿ ಹೋಗಿ ನಿಂತರು. ಆ ಕೈಯನ್ನೇ ಮಾವ ಚಿತ್ರಕ್ಕೆ ತಂದರು. ಸ್ವಾಮಿ, ಇತಿಹಾಸದ ಪುಸ್ತಕದಲ್ಲಿ ಆ ಕೈಯಿಲ್ಲ. ಇದ್ದದ್ದು ಆ ರೀಲಿನಲ್ಲಿ ಮಾತ್ರ.

ಮಾವನ ಕಣ್ಣು ಮಂಜಾಗುತ್ತಿದೆ. ಇನ್ನು ಬಹಳ ದಿನ ಪರದೆ ಕಾಣದು ಎಂದಿದ್ದಾರೆ ಡಾಕ್ಟರು. ದೃಷ್ಟಿ ಪೂರ್ತಿ ಆರುವ ಮುಂಚೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ದೃಶ್ಯ ತೋರಿಸಬೇಕೆಂಬುದೊಂದೇ ಆಸೆ. ಅದಕ್ಕೇ ಭಾನುವಾರ ಬೆಳಗ್ಗೆಯೇ ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು, ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡರು. ಅಕ್ಕಪಕ್ಕದವರೂ ಬಂದು ಸೇರಿದರು. ಸೇತುವೆ ಬಿತ್ತು, ಜನ ಅತ್ತರು, ಮಂತ್ರಿ ಕುರ್ಚಿಯಲ್ಲಿ ಕುಳಿತು ಸಿಗಾರು ಹಚ್ಚಿದ. 'ಶುಭಂ' ಎಂದು ಬಂತು.

ಮಾವ ರಿಮೋಟನ್ನು ಕುಟ್ಟಿ ನೋಡಿದರು. ನನಗೆ ನೋವಾದದ್ದು ತಮ್ಮ ಕತ್ತರಿಯಿಂದಲ್ಲ, ಮಾನ್ಯರೇ. ಏನೋ ಕಳೆದಿದೆ ಎಂದು ಬೇರೆ ಯಾರಿಗೂ ಅನ್ನಿಸಲೇ ಇಲ್ಲವಲ್ಲ! "ಎಷ್ಟು ಸಹಜವಾಗಿದೆ ನೋಡಿ! ಈಗಿನ ಕಾಲಕ್ಕೇ ತೆಗೆದ ಹಾಗಿದೆ" ಎಂದರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ನನ್ನ ಮಗಳು ಚಪ್ಪಾಳೆ ತಟ್ಟಿ, "ತಾತ ಗೆದ್ದ!" ಎಂದು ಕುಣಿದಳು.

"ಇಲ್ಲ ಪುಟ್ಟಿ, ನಾನು ಸೋತೆ. ಚೆನ್ನಾಗಿ ಸೋತೆ. ನೋಡಿಲ್ಲಿ" ಎನ್ನುತ್ತಾ ಮಾವ ಎದ್ದರು. ಫ್ರಿಜ್ಜೇ ಕಾರಾಯಿತು. ತಡವರಿಸುತ್ತಾ ಅದರ ಹಿಡಿಗೆ ಕೈ ಹಾಕಿ, ಥಟ್ಟನೆ ಹಿಂದೆಗೆದು, ತಲೆ ತಗ್ಗಿಸಿ ನಿಂತರು. ನನ್ನ ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡಳು.

ಮಗಳು ಹುಬ್ಬುಗಂಟಿಕ್ಕಿದಳು. "ಯಾಕೆ ತಾತಾ? ಕಾರು ನಿಂದೇ ಅಲ್ವಾ? ಹತ್ತು!"

ಮಾವ ಕುರ್ಚಿಗೆ ಮರಳಿದರು. ಆಮೇಲೆ ಮೆಲ್ಲಗೆ ನನಗೊಬ್ಬನಿಗೇ ಕೇಳುವಂತೆ, "ನನ್ನ ಅಭಿನಯ ಕೆಟ್ಟಿತೇನಯ್ಯಾ?" ಎಂದರು.

ಮರುದಿನ ತಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿದ ಸಹಾಯಕರು ಸಜ್ಜನರು. "ಆ ದೃಶ್ಯ ಕೆಲವರಿಗೆ ಚುಚ್ಚಬಹುದು ಅಂತ ತೆಗೆದ್ವಿ ಸಾರ್" ಎಂದರು.

"ಯಾರಿಗೆ?"

"ಅದನ್ನ ಹೇಳಿದ್ರೆ ಇನ್ನೂ ಜಾಸ್ತಿ ಚುಚ್ಚತ್ತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೆ. ಅವರ ಹೆಗಲನ್ನು ಮುಂಚಿತವಾಗಿಯೇ ಒರೆಸಿಡುವ ಇಲಾಖೆಯನ್ನು ಕಂಡದ್ದು ಇದೇ ಮೊದಲು. ಚಿತ್ರದಲ್ಲಿ ಸೇತುವೆ ಬೀಳಬಹುದು, ಜನ ಸಾಯಬಹುದು. ನಾಚಿಕೆ ಮಾತ್ರ ಮಕ್ಕಳ ಕಣ್ಣಿಗೆ ಬೀಳಬಾರದೇ?

ಈಗಿನ ಮಂತ್ರಿಗಳು ರಾಜೀನಾಮೆ ಕೊಡಲಿ ಎಂದು ನಾನು ಕೇಳುತ್ತಿಲ್ಲ. ಅಂಥ ದುರಾಸೆ ನನಗಿಲ್ಲ. ಆಗಲೇ ಕೊಟ್ಟಿದ್ದ ಒಂದನ್ನು ಹಿಂದಿರುಗಿಸಿ, ಅಷ್ಟೇ. ಬರುವ ಭಾನುವಾರ ಇಡೀ ಚಿತ್ರವನ್ನು ಮತ್ತೊಮ್ಮೆ ಹಾಕಿ. ಹೆದರಿಕೆಯಾದರೆ ಪರದೆಯ ಕೆಳಗೆ ಒಂದು ಸಾಲು ಓಡಿಸಿ: "ಈ ದೃಶ್ಯದಲ್ಲಿ ಬರುವ ನಾಚಿಕೆ ಸಂಪೂರ್ಣ ಕಾಲ್ಪನಿಕ." ನಾವು ಆಕ್ಷೇಪಿಸುವುದಿಲ್ಲ. ಆದರೆ ಬೇಗ ಹಾಕಿ. ಮಗಳು ಇನ್ನೂ ಕೇಳುತ್ತಲೇ ಇದ್ದಾಳೆ, ತಾತ ಯಾಕೆ ಕಾರು ಹತ್ತಲಿಲ್ಲ ಎಂದು. ಉತ್ತರ ತಮ್ಮ ಕಪಾಟಿನಲ್ಲಿದೆ. ಮಾವ ಕುರ್ಚಿಯನ್ನು ಟಿವಿಯ ಮುಂದಿನಿಂದ ಇನ್ನೂ ಸರಿಸಿಲ್ಲ.

ಇಂತಿ,
ತಮ್ಮ ಕೃಪೆಯಿಂದ ಗೆದ್ದುಬಿಟ್ಟವರ ನತದೃಷ್ಟ ಅಳಿಯ