ಶ್ರೀನಾಥನಿಗೆ ಕೊಟ್ಟ ಹಾಳೆ

ಖರಾಡಿ, ಪುಣೆ
೧೨ ಫೆಬ್ರವರಿ ೨೦೨೩, ಭಾನುವಾರ

ಪ್ರೀತಿಯ ಮಾಧುರಿ,

ಹೇಗಿದ್ದೀಯೆ? ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳು, ಸಕ್ಕರೆ ಅಚ್ಚು ತಲುಪಿ ತಿಂಗಳಾಗುತ್ತ ಬಂತು. ಒಂದು ಮಾತೂ ತಿಳಿಸಲಿಲ್ಲ, ಬೇಜಾರು ಮಾಡಿಕೊಳ್ಳಬೇಡ ಕಣೇ. ಎರಡು ಸಲ ಫೋನ್ ಕೈಗೆತ್ತಿಕೊಂಡೆ. ನಿನ್ನ ದನಿ ಕೇಳಿದರೆ ಮಾತು ಬೇರೆ ಕಡೆ ತಿರುಗಿಸಿಬಿಡುತ್ತೇನೆ ಅನ್ನಿಸಿ ಇಟ್ಟೆ. ಹಾಸ್ಟೆಲ್ ಬಿಟ್ಟ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು.

ಚಿನ್ನುವಿನ ಟಾನ್ಸಿಲ್ ಆಪರೇಷನ್ ಚೆನ್ನಾಗಿ ಆಯಿತು. ಒಂದು ವಾರ ಐಸ್‌ಕ್ರೀಂ ತಿಂದೇ ಕಳೆದಳು, ಈಗ ಶಾಲೆಗೆ ಹೋಗುತ್ತಿದ್ದಾಳೆ. ಮಗಳ ಜೊತೆ ತಾನೂ ಐಸ್‌ಕ್ರೀಂ ತಿಂದ ಹರ್ಷನೂ ಚೆನ್ನಾಗಿದ್ದಾನೆ.

ನಾನು ಮಾತ್ರ ಕಟ್ಟಿಹಾಕಿದ ಹಾಗಿದ್ದೇನೆ. ಗಣಿತ ಪಾಠ ಹೇಳುವವಳು ನೀನು, ನಿನಗೆ ಬೇಗ ಅರ್ಥವಾಗುತ್ತದೆ. ಲ್ಯಾಬ್‌ಗಳಿಂದ ನಮ್ಮ ಆಫೀಸಿಗೆ ಬರುವ ಮಾಹಿತಿಯೆಲ್ಲ ಮೊದಲು ಕ್ಯಾಶ್ ಎಂಬ ಸಣ್ಣ, ವೇಗದ ಡಿಸ್ಕ್‌ಗಳಲ್ಲಿ ಕೂರುತ್ತದೆ. ಅಲ್ಲಿಂದ ದೊಡ್ಡ, ನಿಧಾನದ ಡಿಸ್ಕ್‌ಗಳಿಗೆ ಅದನ್ನು ಇಳಿಸುವುದೇ ಫ್ಲಶ್. ಅವಸರದಿಂದ ಇಳಿಸಿದರೆ ಎಲ್ಲವೂ ತೆವಳುತ್ತದೆ, ತಡಮಾಡಿದರೆ ಕ್ಯಾಶ್ ತುಂಬಿ ನಿಂತೇಹೋಗುತ್ತದೆ. ಶೇಕಡಾ ಎಷ್ಟು ತುಂಬಿದಾಗ ಶುರು ಮಾಡಬೇಕು ಎನ್ನುವುದನ್ನು ಮೂರು ವರ್ಷ ತಿದ್ದಿ ತಿದ್ದಿ ಹದಕ್ಕೆ ತಂದವಳು ನಾನು. ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಆಫೀಸಿನಲ್ಲಿ ಎರಡು ಸಲ ಜನರನ್ನು ತೆಗೆದಾಗಲೂ ನನ್ನನ್ನು ಮುಟ್ಟಲಿಲ್ಲ. ಆದರೆ ರಜೆ ಎನ್ನುವುದು ಮರೆತೇಹೋಯಿತು. ತಳೇಗಾಂವದಲ್ಲಿ ಹರ್ಷನ ತಂಗಿಯ ಧಾರೆ ನಡೆಯುವಾಗ ನಾನು ಲ್ಯಾಪ್‌ಟಾಪ್ ಹಿಡಿದು ಉಗ್ರಾಣದಲ್ಲಿ ಕೂತಿದ್ದೆ. "ಯಾರಿಗಾದ್ರೂ ಕಲ್ಸೇ ಮಾರಾಯ್ತಿ, ಇಲ್ಲಾಂದ್ರೆ ಕೊನೇವರೆಗೂ ಹೀಗೇ" ಎಂದು ಹರ್ಷ ರೇಗಿದ.

ಅದಕ್ಕೇ, ನಮ್ಮ ಆಫೀಸಿಗೇ ಸೇರಿದ್ದ ನಿನ್ನ ತಮ್ಮ ಶ್ರೀನಾಥನಿಗೆ ಕಲಿಸತೊಡಗಿದೆ. ಚಿನ್ನುವಿನ ಆಪರೇಷನ್ ದಿನವೇ ಕ್ಯಾಶ್‌ನ ಹಳೆಯ ಡಿಸ್ಕ್‌ಗಳನ್ನು ತೆಗೆದು ಹೊಸದಾಗಿ ಕಟ್ಟುವ ಕೆಲಸ ಬಂತು. ಮಾಡಬೇಕಾದುದನ್ನು ಒಂದು ಹಾಳೆಯಲ್ಲಿ ಬರೆದು ಶ್ರೀನಾಥನ ಕೈಗಿಟ್ಟು ಆಸ್ಪತ್ರೆಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಕ್ಯಾಶ್ ತುಂಬಿತು. ಮೂವತ್ತು ಲ್ಯಾಬ್‌ಗಳ ರಕ್ತಪರೀಕ್ಷೆಯ ವರದಿಗಳು ಐದು ಗಂಟೆ ನಿಂತವು. ಶ್ರೀನಾಥ ನನಗೆ ಹನ್ನೊಂದು ಸಲ ಫೋನ್ ಮಾಡಿದ್ದ. ಚಿನ್ನು ಥಿಯೇಟರಿನಲ್ಲಿದ್ದಳು, ನನ್ನ ಫೋನ್ ಆಫ್ ಆಗಿತ್ತು.

ಕಾರಣ ಮಾರನೆಯ ದಿನ ಸಿಕ್ಕಿತು. ಹೊಸ ಕ್ಯಾಶ್‌ಗೆ ಒಟ್ಟು ಮಿತಿ ಎಷ್ಟು ಎಂದು ಕೊಟ್ಟೇ ಇರಲಿಲ್ಲ. ಶೇಕಡಾ ನಲವತ್ತು ತುಂಬಿದಾಗ ಇಳಿಸು ಎಂದಿದ್ದರೂ, ಒಟ್ಟು ಗೊತ್ತಿಲ್ಲದ ಮೇಲೆ ನಲವತ್ತಕ್ಕೆ ಏನರ್ಥ? ಫ್ಲಶ್ ಶುರುವೇ ಆಗಿರಲಿಲ್ಲ.

ನಮ್ಮ ಮ್ಯಾನೇಜರ್ ನಿತಿನ, ಬಾಗಲಕೋಟೆ ಕಡೆಯವರು, ಎಲ್ಲರ ಮುಂದೆ ಕೇಳಿದರು: "ಲಿಮಿಟ್ ಹಾಕೂದು ನಿಮಗ ಹೇಳಿಕೊಟ್ಟಿದ್ರೋ ಇಲ್ಲೋ?"

ಶ್ರೀನಾಥ ನನ್ನ ಕಡೆ ನೋಡಿದ. "ಅಕ್ಕ ಹೇಳಿರ್ತಾರೆ ಸರ್. ಟೆನ್ಷನ್‌ನಲ್ಲಿ ನಾನೇ ಮಿಸ್ ಮಾಡಿರ್ಬೇಕು."

"ಹೌದೇನ್ರಿ, ರಂಜಿನಿ?"

ನಾನು ಹೌದೆಂದು ತಲೆಯಾಡಿಸಿದೆ.

ಆ ವಾರವೇ ಅವನಿಂದ ರಾಜೀನಾಮೆ ಬರೆಸಿಕೊಂಡರು. ಹೊರಡುವಾಗ ನನ್ನ ಹತ್ತಿರ ಬಂದು, "ನಿಮ್ಮ ಹೆಸರೂ ಕೆಡಿಸ್ಬಿಟ್ಟೆ, ಸಾರಿ ಅಕ್ಕ" ಎಂದ. ಈಗ ಎಲ್ಲ ಮತ್ತೆ ನನ್ನೊಬ್ಬಳ ಮೇಲೆ. "ಇನ್ನ ಮ್ಯಾಲೆ ಇದನ್ನ ಯಾರ ಕೈಗೂ ಕೊಡಬ್ಯಾಡ್ರಿ" ಎಂದು ನಿತಿನ ಅವರು ಕಟ್ಟಪ್ಪಣೆ ಮಾಡಿದ್ದಾರೆ. ಯುಗಾದಿಗೆ ಮಂಡ್ಯಕ್ಕೆ ಬರಲು ತೆಗೆಸಿದ್ದ ಟಿಕೆಟ್ಟನ್ನೂ ರದ್ದು ಮಾಡಿದೆ.

ಶ್ರೀನಾಥ ಮನೆಯಲ್ಲಿ ಮಂಕಾಗಿ ಕೂರದ ಹಾಗೆ ನೋಡಿಕೋ. ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ, ನಿನ್ನ ಮಕ್ಕಳಿಗೆ ಆಶೀರ್ವಾದ. ದೇವರು ನಿಮ್ಮ ಮನೆಯನ್ನು ತಂಪಾಗಿಟ್ಟಿರಲಿ.

ನಿನ್ನ
ರಂಜಿನಿ

ತಾ.ಕ.: ಶ್ರೀನಾಥ ಏನನ್ನೂ ಮಿಸ್ ಮಾಡಿರಲಿಲ್ಲ. ಮಿತಿಯ ಸಾಲು ಆ ಹಾಳೆಯಲ್ಲಿ ಇರಲಿಲ್ಲ. ನಾನು ಮರೆತದ್ದಲ್ಲ ಮಾಧುರಿ, ಬೇಕೆಂದೇ ಬಿಟ್ಟೆ. ಅವನಿಗೆ ಪೂರ್ತಿ ಬಂದುಬಿಟ್ಟರೆ ಮುಂದಿನ ಸಲ ತೆಗೆಯುವುದು ನನ್ನನ್ನೇ ಎಂದು ಹೆದರಿದೆ. ತೊಡಕಾದಾಗ ನನಗೇ ಫೋನ್ ಮಾಡುತ್ತಾನೆ, ಐದು ನಿಮಿಷದಲ್ಲಿ ಸರಿಮಾಡಿದರಾಯಿತು ಅಂದುಕೊಂಡೆ. ಆಸ್ಪತ್ರೆಯಲ್ಲಿ ಫೋನ್ ಆಫ್ ಮಾಡಿಸುತ್ತಾರೆ ಎಂದು ಹೊಳೆದಿರಲಿಲ್ಲ. ನಿತಿನ ಅವರಿಗೆ ಹೇಳಬೇಕೆಂದು ನಾಲ್ಕು ಸಲ ಅವರ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಈ ಕಾಗದವನ್ನು ಶ್ರೀನಾಥನಿಗೆ ಕೊಡು. ಅವನು ಯಾರಿಗೆ ತೋರಿಸಿದರೂ ಇದು ನನ್ನದಲ್ಲ ಅನ್ನುವುದಿಲ್ಲ.