ಹಗ್ಗ ಹಿಡಿದವರ ಪಾಲು

೯ ಸೆಪ್ಟೆಂಬರ್ ೨೦೨೫, ಮಂಗಳವಾರ. ಬೀಜಾಡಿ.

ಅಮ್ಮ ಸಿಗಡಿ ಸುಲಿಯುತ್ತಿದ್ದ ಶೆಡ್ಡಿಗೆ ಇವತ್ತು ಬೀಗ ಬಿತ್ತು. ಅಮೆರಿಕ ನಮ್ಮ ಸಿಗಡಿಗೆ ಸುಂಕ ಏರಿಸಿತು. ಶೆಡ್ಡು ನಡೆಸುತ್ತಿದ್ದ, ನಾಲ್ಕು ದೇಶಗಳಲ್ಲಿ ಕಚೇರಿ ಇರುವ ಕಂಪನಿ ಇನ್ನು ಈಕ್ವೆಡಾರಿನಿಂದ ಕೊಳ್ಳುತ್ತದಂತೆ. ಬಂಡವಾಳಕ್ಕೆ ದೇಶವಿಲ್ಲ ಎಂದು ಅಮ್ಮನಿಗೆ ವಿವರಿಸಿದೆ.

“ಸಾಕ್ ಮಾರಾಯ್ತಿ, ನಿನ್ನ ಭಾಷಣ. ನಾಳೆಯಿಂದ ನಂಗೆ ಕೆಲ್ಸ ಇಲ್ಲೆ, ಅದ್ ಹೇಳ್.”

ಕೈರಂಪಣಿ ನೆನಪಾಗುತ್ತಿದೆ. ದಡದಿಂದ ಬಲೆ ಎಳೆಯುವಾಗ ಹಗ್ಗ ಹಿಡಿದವರಿಗೆಲ್ಲ ಮೀನಿನ ಪಾಲು, ದಾರಿಹೋಕರಿಗೂ. ಏಳು ವರ್ಷದ ನಾನು ಹಗ್ಗದ ತುದಿಗೆ ಜೋತುಬಿದ್ದಿದ್ದೆ, ಅಷ್ಟೆ. ತಂಡದ ಹಿರಿಯ ಸೂರಣ್ಣ ನಗುತ್ತ ನನ್ನ ಲಂಗಕ್ಕೆ ನಾಲ್ಕು ಬಂಗುಡೆ ಹಾಕಿದ್ದರು. “ತಕೋ ಹೆಣೆ, ನಿನ್ ಪಾಲ್!” ಆ ಒದ್ದೆ ಲಂಗದ ಭಾರ ಇನ್ನೂ ಗೊತ್ತು.

ಒಂಬತ್ತು ವರ್ಷ ಸುಲಿದ ನಿನ್ನ ಪಾಲೆಲ್ಲಿ ಎಂದು ಅಮ್ಮನ ಮೇಲೆಯೇ ರೇಗಿದೆ.

“ಸೂರಣ್ಣ ದಡದಗೇ ಇದ್ದಿದ್ರ್. ಈ ಕಂಪ್ನಿಯವ್ರಿಗೆ ಅಷ್ಟ್ ದೂರದಿಂದ ನಮ್ ಕೈ ಕಾಣತ್ತಾ?”

ನಾಳೆ ಶೆಡ್ಡಿನ ಗೇಟಿನಲ್ಲಿ ಹಂಚಲು ನಾನು ಬರೆದ ಕರಪತ್ರ ತೆಗೆದು ನೋಡಿದೆ. ಅದರಲ್ಲಿ ಅಮೆರಿಕ, ಈಕ್ವೆಡಾರ್, ಭಾರತ ಎಂದು ಮೂರು ದೇಶಗಳಿವೆ. ಶೆಡ್ಡಿನ ನಲವತ್ತು ಹೆಂಗಸರಲ್ಲಿ ಒಬ್ಬಳೂ ಇಲ್ಲ. ಹೆಸರು ಬರೆಯತೊಡಗಿದೆ. ಜಲಜ, ನನ್ನ ಅಮ್ಮ. ಪ್ರಫುಲ್ಲಕ್ಕ. ಹೆಮ್ಮಾಡಿಯಿಂದ ಬರುವ ಆ ಅಕ್ಕ... ಅವರ ಹೆಸರು ನಾನು ಕೇಳಿಯೇ ಇಲ್ಲ.